ದುಗ್ಗಕ್ಕ ಒಗೆಯದೆ ಇಟ್ಟ ಅಂಗಿ

ಬಲು ಹಿಂದೆ, ಹೊಳೆ ಕಡಲಿಗೆ ಸೇರುವ ಮೊದಲು ಕೊನೆಯ ಸಲ ಬಾಗುವ ಜಾಗದಲ್ಲಿ ಒಂದು ಊರಿತ್ತು. ಹೊಯಿಗೆಕಟ್ಟೆ ಎಂದು ಅದರ ಹೆಸರು. ಅಲ್ಲಿ ಹಂಚಿನ ಕಾರ್ಖಾನೆಯ ಚಿಮಣಿ ಹಗಲೆಲ್ಲ ಹೊಗೆ ಬಿಡುತ್ತಿತ್ತು. ಯಾವ ವರ್ಷ ಎಂದು ಕೇಳಬೇಡಿ. ಆ ಚಿಮಣಿಯನ್ನು ನೋಡಿದವರು ಈಗ ಇಲ್ಲ, ನೋಡಿದವರನ್ನು ನೋಡಿದವರು ಇದ್ದಾರೆ.

ಹಂಚಿನ ಕೆಲಸಗಾರರದೊಂದು ಫುಟ್‌ಬಾಲ್ ತಂಡವಿತ್ತು. ಹೊಯಿಗೆಕಟ್ಟೆಯೂ ಸೇರಿ ಸುತ್ತಲಿನ ಏಳೂರುಗಳಿಗೆ ಏಳು ತಂಡ. ಮಳೆ ಹಿಡಿದ ಮೇಲೆ ಸೀಸನ್ ಶುರು, ಮಳೆ ಬಿಟ್ಟರೆ ಮುಗಿಯಿತು. ಏಳೂರಿನವರು ಸೇರಿ ಒಂದು ಕಟ್ಟಳೆ ಮಾಡಿದ್ದರಂತೆ: ಸತತ ಮೂರು ಸೀಸನ್ ಕೊನೆಗೆ ಬಂದ ಊರು ಆಟದಿಂದ ಹೊರಗೆ, ಅದರ ಜಾಗ ಬೇರೊಂದು ಊರಿಗೆ.

ಹೊಯಿಗೆಕಟ್ಟೆಯ ಮೈದಾನದಂಥ ಮೈದಾನ ಇನ್ನೆಲ್ಲಿಯೂ ಇರಲಿಲ್ಲ ಎನ್ನುತ್ತಾರೆ. ಅದರ ಅರ್ಧ ಹೊಳೆಯ ಕಡೆಗೆ, ಅಲ್ಲಿ ಹಂಚು ಮಾಡುವ ಕಪ್ಪು ಜೇಡಿಮಣ್ಣು. ಇನ್ನರ್ಧ ಗುಡ್ಡದ ಕಡೆಗೆ, ಅಲ್ಲಿ ಕೆಂಪು ಮಣ್ಣು. ಊರಿನ ತಂಡ ಯಾವಾಗಲೂ ಮೊದಲರ್ಧದಲ್ಲಿ ಹೊಳೆಯ ಕಡೆಯ ಗೋಲು ಕಾಯುತ್ತಿತ್ತು, ಎರಡನೆಯ ಅರ್ಧದಲ್ಲಿ ಗುಡ್ಡದ ಕಡೆಯದನ್ನು. ಅದು ಅವರ ಪದ್ಧತಿ.

ಆ ತಂಡದ ಹನ್ನೊಂದು ಅಂಗಿಗಳನ್ನು ಒಗೆಯುತ್ತಿದ್ದವಳು ದುಗ್ಗಕ್ಕ. ಹೊಳೆಯಲ್ಲಿ ಒಂದು ಬಂಡೆ, ಆ ಬಂಡೆ ಅವಳದು. ಅವಳ ಒಬ್ಬನೇ ಮಗ ಐತ ಆ ತಂಡದ ಗೋಲ್‌ಕೀಪರ್. ಎಡಕ್ಕೆ ಐತ ಹಾರಿದರೆ ಕಾಗೆಯೂ ಗೋಲಿನೊಳಗೆ ಹೋಗದು ಎಂದು ಜನ ಹೇಳುತ್ತಿದ್ದರಂತೆ. ಒಂದು ಸೀಸನ್ನಿನ ಕೊನೆಯ ಆಟದಲ್ಲಿ, ಮೊದಲರ್ಧದಲ್ಲೇ, ಮೂರು ಸಲ ಎಡಕ್ಕೆ ಹಾರಿ ಮೂರು ಚೆಂಡು ಹಿಡಿದ. ನೆನೆದು ಮನೆಗೆ ಬಂದ. ಅಂಗಿ ಕಳಚಿ, ನಾಳೆ ಒಗೆದರಾಯಿತು ಅಮ್ಮ ಎಂದ. ಮಾರನೆಯ ದಿನ ಜ್ವರ. ಒಂಬತ್ತನೆಯ ದಿನ ಹೋದ.

ಆ ಹಸಿರು ಅಂಗಿಯನ್ನು ದುಗ್ಗಕ್ಕ ಒಗೆಯಲಿಲ್ಲ. ಎಡಮೈಗೆ ಹತ್ತಿದ ಕಪ್ಪು ಕೆಸರು ಒಣಗಿದ ಹಾಗೆಯೇ ಒಳಗಿನ ಕೋಣೆಯ ಬಿದಿರಿನ ಗಳುವಿಗೆ ತೂಗುಹಾಕಿದಳು. ಊರಿನ ಬಟ್ಟೆಯನ್ನೆಲ್ಲ ಒಗೆಯುವವಳ ಮನೆಯಲ್ಲಿ ಒಂದು ಅಂಗಿ ಹಾಗೆ ಇತ್ತು. ಅಂದಿನಿಂದ ಅವಳು ಮೈದಾನದ ಕಡೆ ಮುಖ ಹಾಕಲಿಲ್ಲ.

ಐತ ಹೋದ ಮೇಲೆ ತಂಡ ಬಿತ್ತು. ಮೊದಲ ಸೀಸನ್ನಿನಲ್ಲಿ ಹನ್ನೆರಡು ಆಟ, ಒಂದು ಗೆಲುವು, ಏಳನೆಯ ಸ್ಥಾನ. ಎರಡನೆಯದರಲ್ಲಿ ಗೆಲುವೇ ಇಲ್ಲ, ಮತ್ತೆ ಏಳನೆಯ ಸ್ಥಾನ. ಮೂರನೆಯದರ ಮೊದಲ ಆಟವನ್ನೂ ತಮ್ಮ ಮೈದಾನದಲ್ಲೇ ಸೋತರು. ಮರುದಿನ ಒಗೆದ ಅಂಗಿಗಳ ಗಂಟು ಒಯ್ಯಲು ಕ್ಯಾಪ್ಟನ್ ಅದ್ರಾಮ ಬಂದಾಗ ದುಗ್ಗಕ್ಕ ಬಾಯಿ ಬಿಟ್ಟಳು.

"ಅದ್ರಾಮ, ನಿಮ್ಮ ಕೂಸಪ್ಪ ಎರಡನೇ ಅರ್ಧದಲ್ಲಿ ಓಡುವುದಿಲ್ಲ."

"ನೀವು ಯಾವಾಗ ಆಟ ನೋಡಿದ್ದು, ದುಗ್ಗಕ್ಕ?"

"ಆಟ ಯಾರು ನೋಡಿದರು ಮಾರಾಯ, ಅಂಗಿ ನೋಡಿದೆ. ಮೊದಲರ್ಧದಲ್ಲಿ ಅವನು ಗೋಲು ಹೊಡೆಯಲು ಹೋಗುವುದು ಗುಡ್ಡದ ಕಡೆಗೆ, ಕೆಂಪು ಹತ್ತಿದೆ. ಆಮೇಲೆ ಹೊಳೆಯ ಕಡೆಗೆ ಹೋಗಬೇಕಲ್ಲ, ಕಪ್ಪು ಎಲ್ಲಿ? ಒಂದು ಚುಕ್ಕೆ ಇಲ್ಲ. ಆಟಕ್ಕೆ ಮೊದಲು ಎಷ್ಟು ಬಟ್ಟಲು ಗಂಜಿ ಕುಡಿಯುತ್ತಾನೆ ಕೇಳು."

ಕೇಳಿದಾಗ ಮೂರು ಬಟ್ಟಲು ಎಂದು ಗೊತ್ತಾಯಿತಂತೆ.

ಮುಂದಿನ ವಾರ ಇನ್ನೊಬ್ಬನ ಬೆನ್ನು ಮಾತ್ರ ಕೆಸರಾಗಿದೆ, ಎದುರಾಳಿ ಬಂದರೆ ಅವನು ಹಿಂದೆ ಸರಿದು ಬೀಳುತ್ತಾನೆ ಎಂದಳು. ಅದರ ಮುಂದಿನ ವಾರ ಇಬ್ಬರ ಅಂಗಿ ಒಂದೇ ಕಡೆಯ ಭುಜದಲ್ಲಿ ಹರಿದಿದೆ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದಾರೆ ಎಂದಳು. ಹೇಳಿದ್ದೆಲ್ಲ ನಿಜವಾಯಿತು. ಹೊಳೆಯೇ ಅವಳ ಕಿವಿಯಲ್ಲಿ ಹೇಳುತ್ತಿತ್ತು ಎನ್ನುತ್ತಾರೆ. ಗಂಟು ಬಿಚ್ಚುವ ಮೊದಲೇ ಎಷ್ಟು ಗೋಲು ಎಂದು ಹೇಳುತ್ತಿದ್ದಳು ಎನ್ನುತ್ತಾರೆ. ಹಾಗೇನಿಲ್ಲ, ಗಂಟು ಬಿಚ್ಚಿಯೇ ಹೇಳುತ್ತಿದ್ದಳು. ಆ ಸೀಸನ್ನಿನಲ್ಲಿ ಏಳು ಆಟ ಗೆದ್ದರು ಎನ್ನುವವರಿದ್ದಾರೆ. ಗೆದ್ದದ್ದು ಮೂರು. ಎರಡು ವರ್ಷ ಸೋತವರಿಗೆ ಮೂರು ಗೆಲುವು ಏಳರಂತೆಯೇ ಕಂಡಿರಬೇಕು.

ಆದರೆ ಒಂದು ಅಂಗಿಯ ಬಗ್ಗೆ ದುಗ್ಗಕ್ಕ ಬಾಯಿ ಬಿಡಲಿಲ್ಲ. ಅದು ಐತನ ಜಾಗಕ್ಕೆ ಬಂದ ಲಾಜ್ರುವಿನದು. ಲಾಜ್ರುವಿನ ಅಂಗಿಗೆ ಎದೆಯಲ್ಲಿ ಕೆಸರು, ಬಲಮೈಯಲ್ಲಿ ಕೆಸರು. ಎಡಮೈ ಮಾತ್ರ ತೊಟ್ಟಾಗ ಹೇಗಿತ್ತೋ ಹಾಗೆ. ವಾರ ವಾರವೂ ಹಾಗೆ. ಅವನು ಎಡಕ್ಕೆ ಹಾರುತ್ತಲೇ ಇರಲಿಲ್ಲ. ಎಡಕ್ಕೆ ಬಂದ ಚೆಂಡು ತಪ್ಪಿದರೆ, ಐತನಾಗಿದ್ದರೆ ಹಿಡಿಯುತ್ತಿದ್ದ ಎಂದು ಜನ ಹೇಳುತ್ತಿದ್ದರು, ಆ ಮಾತಿಗೆ ಹೆದರಿ ಅವನು ಸುಮ್ಮನೆ ನಿಂತುಬಿಡುತ್ತಿದ್ದ. ಇದು ದುಗ್ಗಕ್ಕನಿಗೆ ಮೊದಲ ವಾರವೇ ತಿಳಿದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಆ ಸ್ವಚ್ಛವಾದ ಎಡಮೈಯನ್ನು ಕಂಡಾಗಲೆಲ್ಲ ಅವಳ ಜೀವಕ್ಕೆ ಒಂದು ಸಮಾಧಾನ. ಅಲ್ಲಿ ಇನ್ನೂ ಯಾರೂ ಬಂದಿಲ್ಲ, ಆ ಜಾಗ ಐತನಿಗೇ ಉಳಿದಿದೆ ಎಂಬ ಸಮಾಧಾನ.

ಸೀಸನ್ನಿಗೆ ಒಂದೇ ಆಟ ಉಳಿಯಿತು, ಹೊಯಿಗೆಕಟ್ಟೆಯಲ್ಲೇ. ಸಮ ಮಾಡಿದರೆ ಆರನೆಯ ಸ್ಥಾನ, ಊರು ಉಳಿಯುತ್ತದೆ. ಸೋತರೆ ಏಳನೆಯದು, ಮೂರನೆಯ ಸಲ. ಆಮೇಲೆ ಆ ಮೈದಾನದಲ್ಲಿ ಏಳೂರಿನ ಆಟವಿಲ್ಲ. ಐತ ಹಾರುತ್ತಿದ್ದ ಗೋಲೂ ಇಲ್ಲ.

ಆಟದ ದಿನ ಬೆಳಿಗ್ಗೆ ದುಗ್ಗಕ್ಕ, ಗೋಲ್‌ಕೀಪರನ ಅಂಗಿಯನ್ನು ಅವನೇ ಬಂದು ಒಯ್ಯಲಿ ಎಂದು ಹೇಳಿಕಳಿಸಿದಳು. ಲಾಜ್ರು ಬಂದ. ಅವಳು ಒಳಗಿನಿಂದ ಐತನ ಅಂಗಿ ತಂದು ಅವನ ಕೈಗಿಟ್ಟಳು.

"ಬೇಡ ಅಮ್ಮ. ಇದು ಒಗೆದದ್ದೂ ಅಲ್ಲ."

"ಒಗೆಯಲು ನನ್ನಿಂದ ಆಗಲಿಲ್ಲ ಮಗ," ಎಂದಳು. "ನೋಡು, ಎಡಕ್ಕೆ ಹಾರಿದರೆ ಕೆಸರು ಎಲ್ಲಿ ಹತ್ತುತ್ತದೆ ಅಂತ. ಹತ್ತಿದರೆ ಹತ್ತಲಿ. ನೀನು ಇನ್ನಷ್ಟು ಕೊಳೆ ಮಾಡಿ ತಾ, ಆಗ ಒಗೆಯುತ್ತೇನೆ."

ಆಟ ಶುರುವಾದಾಗ ಅವಳು ತನ್ನ ಬಂಡೆಯ ಮೇಲೆ ಕೂತಿದ್ದಳು. ಮಳೆ ಹೊಯ್ಯುತ್ತಿತ್ತು. ಎದುರಿಗೆ ಬಟ್ಟೆಯಿಲ್ಲ, ಕೈಗೆ ಕೆಲಸವಿಲ್ಲ. ಮೈದಾನದಿಂದ ಒಮ್ಮೆ ಕೂಗು ಬಂತು, ಇನ್ನೊಮ್ಮೆ ಬಂತು. ಯಾರ ಕೂಗು ಎಂದು ತಿಳಿಯಲಿಲ್ಲ. ಕೊನೆಗೆ ಒಂದು ಸೀಟಿ. ಆಮೇಲೆ ಸಾವಿರ ಜನ ಇದ್ದಲ್ಲಿ ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಆ ಮೌನ ಎಷ್ಟು ಹೊತ್ತು ಇತ್ತೆಂದರೆ, ಹೊಳೆಯೂ ನಿಂತಿತ್ತು ಎನ್ನುತ್ತಾರೆ. ಆಮೇಲೆ ಎದ್ದ ಕೂಗಿಗೆ ದಡದ ಕೊಕ್ಕರೆಗಳೆಲ್ಲ ಹಾರಿಹೋದವು.

ತಂಡ ಹೊಳೆಗೆ ಓಡಿಬಂತು. ಅದ್ರಾಮ ಬಾಯಿ ತೆರೆದ. ಹೇಳಬೇಡ ಎಂದು ಅವಳು ಕೈ ಎತ್ತಿದಳು. ಲಾಜ್ರು ಅಂಗಿ ಕಳಚಿ ಕೊಟ್ಟ. ದುಗ್ಗಕ್ಕ ಬಂಡೆಯ ಮೇಲೆ ಅದನ್ನು ಹರಡಿದಳು. ಎಡಭುಜದಿಂದ ಸೊಂಟದವರೆಗೆ, ಐತನ ಕಪ್ಪು ಮಣ್ಣಿನ ಮೇಲೆ, ಹಸಿ ಕೆಂಪು ಮಣ್ಣು. ಎದೆಯ ನಡುವೆ ಚೆಂಡಿನ ಗುರುತು, ಹೊಲಿಗೆಯ ಸಾಲು ಸಮೇತ.

"ಕೆಂಪು," ಎಂದಳು. "ಎರಡನೇ ಅರ್ಧ. ಸೀಟಿ ಕೇಳಿತ್ತು, ಪೆನಾಲ್ಟಿ ಕೊಟ್ಟಿರಬೇಕು. ಎಡಕ್ಕೆ ಹಾರಿದ್ದಾನೆ, ಚೆಂಡು ಎದೆಗೆ ಸಿಕ್ಕಿದೆ." ತಲೆ ಎತ್ತಿ ಕೇಳಿದಳು, "ಉಳಿದೆವಲ್ಲ?"

ಒಂದೊಂದು ಗೋಲು, ಸಮ. ಉಳಿದಿದ್ದರು.

ಆಗ ದುಗ್ಗಕ್ಕ ಅಂಗಿಯನ್ನು ನೀರಿಗಿಳಿಸಿದಳು. ಹೊಳೆ ಮೊದಲು ಕೆಂಪಾಯಿತಂತೆ, ಆಮೇಲೆ ಕಪ್ಪಾಯಿತಂತೆ. ಆ ಕಪ್ಪು ಕರಗದೆ ಕಡಲಿನವರೆಗೂ ಹೋಯಿತು, ಅಳಿವೆಯ ದೋಣಿಯವರು ಹುಟ್ಟು ಎತ್ತಿ ದಾರಿ ಬಿಟ್ಟರು ಎನ್ನುತ್ತಾರೆ. ಒಂದು ಅಂಗಿಯಲ್ಲಿ ಅಷ್ಟು ಮಣ್ಣು ಇರುವುದಿಲ್ಲ. ಆದರೂ ಹೇಳುತ್ತಾರೆ, ಕೇಳುವವರೂ ಹೌದು ಎನ್ನುತ್ತಾರೆ.

ಮರುವರ್ಷ ತಂಡ ನಾಲ್ಕನೆಯದಾಯಿತು, ಅದರ ಮರುವರ್ಷ ಎರಡನೆಯದು, ಆಮೇಲೆ ಮೂರು ಸೀಸನ್ ಸತತ ಮೊದಲನೆಯದು. ಮತ್ತೆ ಬಿತ್ತು, ಮತ್ತೆ ಎದ್ದಿತು. ದುಗ್ಗಕ್ಕ ಹೋದಳು. ಕಾರ್ಖಾನೆ ಮುಚ್ಚಿತು, ಚಿಮಣಿ ಉರುಳಿತು.

ಹೊಯಿಗೆಕಟ್ಟೆಯವರು ಈಗಲೂ ಆಡುತ್ತಾರೆ. ಸೀಸನ್ನಿನ ಕೊನೆಯ ಆಟ ಮುಗಿದ ಮೇಲೆ ಹತ್ತು ಅಂಗಿ ಒಗೆಯುತ್ತಾರೆ, ಗೋಲ್‌ಕೀಪರನದನ್ನು ಒಗೆಯುವುದಿಲ್ಲ. ಅದು ಕ್ಲಬ್ಬಿನ ಗಳುವಿನಲ್ಲಿ ಬೇಸಿಗೆಯಿಡೀ ತೂಗುತ್ತದೆ. ಮುಂದಿನ ಮಳೆಯ ಮೊದಲ ಆಟಕ್ಕೆ, ಹಳಬನಾಗಲಿ ಹೊಸಬನಾಗಲಿ, ಗೋಲು ಕಾಯುವವನು ಅದನ್ನೇ ತೊಟ್ಟು ಇಳಿಯುತ್ತಾನೆ. ಆಟ ಮುಗಿದ ಮೇಲೆ ಎಲ್ಲರೂ ಹೊಳೆಗೆ ಹೋಗಿ ಆ ಬಂಡೆಯ ಮೇಲೆ ಅಂಗಿ ಹರಡುತ್ತಾರೆ. ಗೆದ್ದಿರಲಿ, ಸೋತಿರಲಿ, ಆ ಮಾತು ಯಾರೂ ಎತ್ತುವುದಿಲ್ಲ. ಮೊದಲು ಎಡಮೈ ನೋಡುತ್ತಾರೆ. ಅಲ್ಲಿ ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಕಂಡ ಮೇಲೆಯೇ ಅಂಗಿಯನ್ನು ನೀರಿಗಿಳಿಸುತ್ತಾರೆ.