ಎರಡು ಗೆರೆ ಒಂದಾದದ್ದು

"ಇಲ್ಲ ಮಾರಾಯ, ನಿನ್ನ ಮೇಲೆ ನಂಗೆ ಸಂಶಯ ಇಲ್ಲ. ಸಂಶಯ ಇರುದು ಈ ಗ್ರಾಫಿನ ಮೇಲೆ."

ಭುವನ್ ಬಾಯೇ ಬಿಟ್ಟಿರಲಿಲ್ಲ. ಐತಾಳ ಮೇಷ್ಟ್ರ ಮುಂದೆ ಕಾಗದ ಇಟ್ಟು, ಸಹಿ ಬೀಳೋ ಜಾಗ ಬೆರಳಲ್ಲಿ ತೋರಿಸಿ ಕೂತಿದ್ದ, ಅಷ್ಟೇ. ಮೀನುಗಾರಿಕೆ ಬೋಟಿಗೆ ಅಂತ ಅವನೊಂದು ಡಬ್ಬಿ ಮಾಡಿದ್ದ. ಬೋಟು ಮುಳುಗುವಾಗ ಗುಂಡಿ ಒತ್ತಿದರೆ ಒಳಗಿನ ಆಂಟೆನಾ ದಡಕ್ಕೆ ಕೂಗಬೇಕು. ಮೇಷ್ಟ್ರು ಸಹಿ ಹಾಕಿದರೆ ನಾಳೆ ಬೋಟು ಹತ್ತುತ್ತೆ. ಕಾಗದದಲ್ಲಿ, ಆಂಟೆನಾ ಎಷ್ಟು ಜೋರಾಗಿ ಕೂಗುತ್ತೆ ಅಂತ ತೋರಿಸೋ ಎರಡು ಗೆರೆ. ಒಂದು ಕಂಪ್ಯೂಟರ್ ಲೆಕ್ಕ ಹಾಕಿದ್ದು, ಇನ್ನೊಂದು ಲ್ಯಾಬಿನಲ್ಲಿ ಅಳೆದದ್ದು.

"ಒಂದರ ಮೇಲೊಂದು ಮಲಗಿದೆ. ಗಂಡ ಹೆಂಡತಿ ಸಹ ಇಷ್ಟು ಹೊಂದಿಕೊಳ್ಳುದಿಲ್ಲ."

"ಹೊಂದಿಕೊಂಡ್ರೆ ಒಳ್ಳೇದೇ ಅಲ್ವಾ ಸರ್?"

"ಒಂದು ಕತೆ ಉಂಟು, ಕೇಳು."

"ಬೋಟಿನವರು ಹೊರಗೆ ಕಾಯ್ತಾ ಇದ್ದಾರೆ ಸರ್."

"ಕಾಯಲಿ. ಅವ್ರ ಕತೆಯೇ ಅದು."

ಮೇಷ್ಟ್ರು ಹೇಳಿದರು.

ಒಬ್ಬ ಇಂಜಿನಿಯರ್ ಇದ್ದ. ಅವನೂ ಇಂಥದ್ದೇ ಡಬ್ಬಿ ಮಾಡ್ಲಿಕ್ಕೆ ಹೊರಟ. ಮೊದಲು ಕಂಪ್ಯೂಟರಿಗೆ ಕೊಟ್ಟ. ತಾಮ್ರ ಇಷ್ಟು, ಪ್ಲಾಸ್ಟಿಕ್ ಇಷ್ಟು, ಒಳಗಿನ ಸರ್ಕ್ಯೂಟ್ ಬೋರ್ಡು ಇಂಥ ವಸ್ತುವಿನದ್ದು ಅಂತ. ಕಂಪ್ಯೂಟರ್ ಹೇಳಿತು: ಆಂಟೆನಾ ತೀರಾ ಸಣ್ಣದು, ಕೂಗು ದಡ ಮುಟ್ಟುದಿಲ್ಲ. ಆಮೇಲೆ ಅವ ನಿಜವಾದ ಡಬ್ಬಿ ಮಾಡಿ, ಉದ್ದದ ಕೇಬಲ್ ಹಾಕಿ ಅಳತೆಯ ಯಂತ್ರಕ್ಕೆ ಜೋಡಿಸಿದ. ಯಂತ್ರ ಹೇಳಿತು: ಗಂಟಲು ಬಿಚ್ಚಿ ಕೂಗ್ತಾ ಉಂಟು.

ಇಬ್ಬರಲ್ಲಿ ಒಬ್ಬರದ್ದು ಸುಳ್ಳು. ಅವನಿಗೆ ಯಂತ್ರದ ಮಾತು ರುಚಿಸಿತು. ಹಾಗಾಗಿ ಕಂಪ್ಯೂಟರಿನ ಕಿವಿ ಹಿಂಡಿದ. ಬೋರ್ಡಿನ ವಸ್ತುವಿನ ಗುಣ ಹೇಳುವ ನಂಬರು ಚೂರು ತಿದ್ದಿದ. ಗೆರೆ ಚೂರು ಸರಿಯಿತು. ಇನ್ನೂ ತಿದ್ದಿದ. ಕೊನೆಗೆ ಅದು ಲೋಕದಲ್ಲಿ ಯಾವ ಅಂಗಡಿಯಲ್ಲೂ ಸಿಗದ ವಸ್ತುವಾಯಿತು. ಆದ್ರೆ ಗೆರೆಯ ಮೇಲೆ ಗೆರೆ ಕೂತಿತು.

ಬೋಟು ನಡೆಸುವ ತಾಂಡೇಲ ಬಂದ. "ಇದನ್ನು ನಂಬಬಹುದಾ ಸ್ವಾಮಿ? ನನ್ನ ಜೊತೆ ಹುಡುಗರು ಇರ್ತಾರೆ," ಅಂದ.

"ಲೆಕ್ಕವೂ ಅದನ್ನೇ ಹೇಳ್ತದೆ, ಅಳತೆಯೂ ಅದನ್ನೇ ಹೇಳ್ತದೆ. ಇನ್ನೆಂತ ಬೇಕು ನಿಂಗೆ?"

ತಾಂಡೇಲ ಡಬ್ಬಿ ತಕೊಂಡು ಹೋದ. ಸಮುದ್ರದ ಮಧ್ಯೆ ಬೋಟಿಗೆ ನೀರು ನುಗ್ಗಿತು. ಗುಂಡಿ ಒತ್ತಿದ. ಡಬ್ಬಿಯ ದೀಪ ಹತ್ತಿತು. ದಡದಲ್ಲಿ ಯಾರಿಗೂ ಏನೂ ಕೇಳಲಿಲ್ಲ. ಆ ಕಡೆ ಹೋಗ್ತಿದ್ದ ಬೇರೆ ಬೋಟಿನವರು ಹುಡುಗರನ್ನು ಎತ್ತಿಕೊಂಡರು. ತಾಂಡೇಲ ಸಿಗಲಿಲ್ಲ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

"ಯಾಕೆ ಸರ್? ಯಂತ್ರ ಕೆಟ್ಟಿತ್ತಾ?"

"ಯಂತ್ರಕ್ಕೆಂತ ಧಾಡಿ? ಚೆನ್ನಾಗೇ ಇತ್ತು. ಲ್ಯಾಬಿನಲ್ಲಿ ಕೂಗ್ತಾ ಇದ್ದದ್ದು ಡಬ್ಬಿ ಅಲ್ಲ ಮಾರಾಯ, ಆ ಕೇಬಲ್ಲು. ಡಬ್ಬಿಯ ಕರೆಂಟು ಅದರ ಮೈಮೇಲೆ ಹರಿದು, ಕೇಬಲ್ಲೇ ದೊಡ್ಡ ಆಂಟೆನಾ ಆಗಿತ್ತು. ಸಮುದ್ರದಲ್ಲಿ ಕೇಬಲ್ ಯಾರು ಕಟ್ಟಿಕೊಡ್ತಾರೆ? ಪಾಪ, ಕಂಪ್ಯೂಟರ್ ನಿಜ ಹೇಳಿತ್ತು. ಅದನ್ನು ಹೊಡೆದು ಬಡಿದು ಆ ಇಂಜಿನಿಯರ್ ಸುಳ್ಳುಸಾಕ್ಷಿ ಮಾಡಿದ."

ಭುವನ್ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದ.

"ನಾನು ಅಷ್ಟೆಲ್ಲ ತಿದ್ದಿಲ್ಲ ಸರ್."

ಹೇಳಿದ ಮೇಲೆ ಅವನಿಗೇ ಕೇಳಿಸಿತು, ತಾನು ಏನು ಹೇಳಿದೆ ಅಂತ.

ಮೇಷ್ಟ್ರು ನಗಲೂ ಇಲ್ಲ, ಬೈಯಲೂ ಇಲ್ಲ. ಕಾಗದವನ್ನು ಅವನ ಕಡೆ ತಿರುಗಿಸಿ ಕೇಳಿದರು.

"ತಿದ್ದುವ ಮುಂಚೆ ನಿನ್ನ ಕಂಪ್ಯೂಟರ್ ಎಂತ ಹೇಳಿತ್ತು?"

ಭುವನ್ ಸಹಿಯಿಲ್ಲದ ಕಾಗದವನ್ನು ತಾನೇ ಎತ್ತಿಕೊಂಡ, ನಾಳೆ ಡಬ್ಬಿ ಬೋಟು ಹತ್ತೋದಿಲ್ಲ ಅಂತ ಬೋಟಿನವರಿಗೆ ಹೇಳಲು ಹೊರಗೆ ಹೋದ, ಬಾಗಿಲು ಎಳೆದುಕೊಂಡ.