ಉಡಿ ಬಿಚ್ಚಿದ ದಿನ್ನೆ

ಕೌಜಲಹಾಳದಿಂದ ಮೂಡಲಕ್ಕೆ ಹೋಗುವ ಗಾಡಿದಾರಿ ಊರಿನ ಸೀಮೆ ದಾಟುವಲ್ಲಿ, ಎಡಕ್ಕೆ ಆಳೆತ್ತರದ ಒಂದು ದಿನ್ನೆಯಿದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರೆಹೊಲ. ದಿನ್ನೆಯ ಬುಡದಲ್ಲಿ ಒಂದು ಕಲ್ಲುದೋಣಿ, ದನಗಳು ನೀರು ಕುಡಿಯಲೆಂದು ಹಿಂದಿನವರು ಕಡೆದಿಟ್ಟದ್ದು. ಈಗ ಅದರಲ್ಲಿ ದನಗಳಿಗೆ ನೀರು ಕುಡಿಸುವುದಿಲ್ಲ. ದಿನ್ನೆಯ ಮೇಲೆ ಮೊಣಕಾಲೆತ್ತರದ ಒಂದು ಕಲ್ಲು ನಿಂತಿದೆ. ಅದಕ್ಕೆ ಮೂರ್ತಿಯಿಲ್ಲ, ಕುಂಕುಮವಿಲ್ಲ, ಪೂಜಾರಿಯಿಲ್ಲ. ಹೊಸಬರು ಬಂದರೆ ಇದು ಯಾವ ದೇವರೆಂದು ಕೇಳುತ್ತಾರೆ. ದೇವರಲ್ಲ. ಸರಕಾರದ ನಕ್ಷೆಯಲ್ಲಿ ಇದು ಬರೀ ಒಂದು ಸರ್ವೆ ನಂಬರು, ನಮ್ಮ ಬಾಯಲ್ಲಿ ಮಾತ್ರ ‘ಉಡಿ ಬಿಚ್ಚಿದ ದಿನ್ನೆ’. ಹೆಸರು ಹೇಗೆ ಬಂತೆಂದು ಊರಿನ ಹಿರಿಯರೆಲ್ಲ ಬಲ್ಲರು, ಕೇಳಿದರೆ ಮಾತು ಮರೆಸುತ್ತಾರೆ. ನನಗೆ ಎಂಬತ್ತೊಂದು ತುಂಬಿತು, ಇನ್ನು ಯಾರ ಮುಲಾಜು? ಹೇಳಿಬಿಡುತ್ತೇನೆ. ಉಡಿ ಬಿಚ್ಚಿಸಿದ್ದು ನಮ್ಮೂರು, ಬಿಚ್ಚಿದವಳು ನಮ್ಮ ಮನೆಯ ಸೊಸೆ.

ಹಿಂದೆ ಒಮ್ಮೆ, ಎಷ್ಟು ತಲೆಮಾರು ಹಿಂದೆಂದು ಎಣಿಸಿದವರಿಲ್ಲ, ಕೌಜಲಹಾಳದ ಬಿಳಿಜೋಳಕ್ಕೆ ಸುತ್ತಲ ಸೀಮೆಯಲ್ಲೇ ದೊಡ್ಡ ಹೆಸರಿತ್ತು ಎನ್ನುತ್ತಾರೆ. ಆಗ ಕಾಳನ್ನು ನೆಲದೊಳಗೆ ತೋಡಿದ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಒಂದು ವರ್ಷ ಮಳೆ ಎಡೆಬಿಡದೆ ಹೊಯ್ದು ಹಗೇವಿಗೆಲ್ಲ ನೀರು ನುಗ್ಗಿತು. ಬಾಯಿ ತೆರೆದು ನೋಡಿದರೆ ಊರಿನ ಬೀಜವೆಲ್ಲ ಕೊಳೆತು ನಾರುತ್ತಿತ್ತು. ಹಿಂಗಾರಿಗೆ ಬಿತ್ತಲು ಒಂದು ಹಿಡಿ ಬೀಜವೂ ಉಳಿಯಲಿಲ್ಲ. ನಮ್ಮ ಮನೆಯ ಸೊಸೆ ಬಂಗಾರೆವ್ವ ಆಗ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಸುದ್ದಿ ಕೇಳಿ ಅಪ್ಪನನ್ನು ಕಾಡಿ ಬೇಡಿ, ನಾಲ್ಕು ಗಾಡಿ ಬೀಜದ ಜೋಳ ಹೇರಿಸಿಕೊಂಡು, ಮೂರು ತಿಂಗಳ ಗಂಡುಕೂಸನ್ನು ಎದೆಗವಚಿಕೊಂಡು ಹೊರಟು ಬಂದಳು. ನಮ್ಮ ಕಡೆ ಹೆಣ್ಣುಮಗಳನ್ನು ಬರಿಯುಡಿಯಲ್ಲಿ ಹೊಸ್ತಿಲು ದಾಟಿಸುವುದಿಲ್ಲ. ಅವಳ ಅವ್ವ ಅದೇ ಜೋಳದಲ್ಲಿ ಐದು ಹಿಡಿ ಮಗಳ ಉಡಿಗೆ ತುಂಬಿದ್ದಳು. ದಾರಿಯಲ್ಲಿ ಹಳ್ಳ ದಾಟುವಾಗ ಆ ಉಡಿ ಕೆಸರಲ್ಲಿ ನೆನೆಯಿತು. ತವರಿನ ಕಾಳೆಂದು ಅವಳು ಅದನ್ನು ಚೆಲ್ಲದೆ ಏಳು ನೀರಿನಲ್ಲಿ ತೊಳೆದು, ಬಿಸಿಲಿಗೆ ಆರಿಸಿ, ಮತ್ತೆ ಕಟ್ಟಿಕೊಂಡಳು. ಊರಿಗೆ ಊರೇ ಎದುರಿಗೆ ಬಂದು ಅವಳನ್ನು ಕರೆದೊಯ್ದಿತು. ನಾಲ್ಕು ಗಾಡಿ ಬೀಜ ಮನೆಮನೆಗೆ ಹಂಚಿಹೋಯಿತು. ಉಡಿಯ ಐದು ಹಿಡಿಯನ್ನು ಮಾತ್ರ ಅವಳು ಪದ್ಧತಿಯಂತೆ ಬೇರೆಯಾಗಿ, ಸೀಮೆಯ ಈ ದಿನ್ನೆಯ ಮೇಲೆ ತನ್ನ ಕೈಯಾರೆ ಬಿತ್ತಿದಳು.

ಆ ವರ್ಷದ ಬೆಳೆ ನೋಡಿ ನಮ್ಮವರು ಹಿಗ್ಗಿದ್ದೇ ಹಿಗ್ಗಿದ್ದು. ದಂಟು ಆಳುದ್ದ, ಎಲೆ ಕಡುಹಸಿರು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಎರಚಲು, ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಆಗಷ್ಟೇ ತೆನೆ ಹೊರಬಿದ್ದಿತ್ತು. ಬಂಗಾರೆವ್ವನ ಅತ್ತೆ ನಿಂಬೆವ್ವ ಒಂದು ತೆನೆ ಹಿಡಿದು ಹಿಚುಕಿದಳು. ಹಾಲುಗಾಳು ಬರಬೇಕಾದಲ್ಲಿ ಬೂದುಬಣ್ಣದ ಚೀಲ ಒಡೆದು ಬೆರಳಿಗೆಲ್ಲ ಕರಿಪುಡಿ ಮೆತ್ತಿತು. ಪಕ್ಕದ ಹೊಲದಲ್ಲೂ ಅದೇ, ಅದರಾಚೆಗೂ ಅದೇ. ಇಂದು ನಾವು ಅದನ್ನು ಕಾಡಿಗೆ ರೋಗ ಎನ್ನುತ್ತೇವೆ. ಬೀಜದ ಮೈಗೆ ಅಂಟಿ ಬಂದು, ಗಿಡದೊಳಗೆ ಸದ್ದಿಲ್ಲದೆ ಬೆಳೆದು, ತೆನೆ ಬಂದ ಮೇಲೆ ಮುಖ ತೋರಿಸುವ ರೋಗ. ನಮ್ಮೂರು ಅದನ್ನು ಅದಕ್ಕೂ ಮೊದಲು ಕಂಡಿರಲೇ ಇಲ್ಲ. ಬುತ್ತಿಯನ್ನು ಬಿಚ್ಚದೆ ಎಲ್ಲರೂ ಮನೆಗೆ ತಿರುಗಿದರು. ದಾರಿಯಲ್ಲೇ ನಿಂಬೆವ್ವನ ಬಾಯಿಂದ ಆ ಮಾತು ಬಂತು: “ಇದು ಕಾಲ್ಗುಣ.”

ಮಾತು ಬೆಳೆಯಲು ಎಷ್ಟು ಹೊತ್ತು? ಅಳಿದುಳಿದ ತೆನೆಗಳ ರಾಶಿ ಮುಗಿಯುವಷ್ಟರಲ್ಲಿ ಬಂಗಾರೆವ್ವ ಬಾವಿಗೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ಹಿಂದೆ ಸರಿಯತೊಡಗಿದ್ದರು. ಬೀಜ ತಂದಾಗ ‘ಮಗಳೇ’ ಎಂದು ಕರೆದ ಬಾಯಿಗಳೇ ಅವು. ಗಂಡ ಅಲ್ಲೇ ಇದ್ದ, ಇದ್ದೂ ಇಲ್ಲದವನಂತಿದ್ದ. ಅವಳು ಮಾತ್ರ ದಿನ್ನೆಗೆ ಹೋಗಿ ತಾನು ಬಿತ್ತಿದ, ಇನ್ನೂ ಕೊಯ್ಯದೆ ನಿಂತಿದ್ದ ಜೋಳ ನೋಡಿದಳು. ಒಂದೊಂದೇ ತೆನೆ ಹಿಚುಕಿ ನೋಡಿದಳು. ಒಂದರಲ್ಲೂ ಕರಿಪುಡಿಯಿಲ್ಲ. ಅದೇ ತವರಿನ ಬೀಜ, ಅದೇ ಕೈ, ಅದೇ ಕಾಲು. ಬೇರೆಯಾದದ್ದು ತೊಳೆದದ್ದೊಂದೇ. ಆಗ ಅವಳಿಗೆ ಹುಡುಗಿಯಾಗಿದ್ದಾಗಿನದು ನೆನಪಾಯಿತಂತೆ. ಅಪ್ಪನ ಹೊಲದ ಅಲ್ಲೊಂದು ಇಲ್ಲೊಂದು ತೆನೆಯಲ್ಲಿ ಇಂಥದೇ ಪುಡಿ ಸಿಗುತ್ತಿತ್ತು, ಗೆಳತಿಯರೆಲ್ಲ ಅದರಿಂದ ಮೀಸೆ ಬರೆದುಕೊಂಡು ನಕ್ಕಿದ್ದರು. ಅವಳು ಊರಿನವರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ನನ್ನ ತವರಿನ ಬೀಜದಲ್ಲೇ ರೋಗವಿತ್ತು, ಈ ಸಲ ಬಿತ್ತುವ ಮುನ್ನ ಎಲ್ಲ ಬೀಜ ನೀರಿಗೆ ಹಾಕಿ ತೊಳೆಯಿರಿ ಎಂದಳು. ಹಗೇವಿಗೆ ನುಗ್ಗಿದ ನೀರಿನಿಂದಲೇ ಬೀಜ ಕಳೆದುಕೊಂಡ ಜನ ಅವರು. ಒಮ್ಮೆ ನೀರಿಗೆ ಕೊಳೆತದ್ದು ಇವಳಿಗೆ ಸಾಲಲಿಲ್ಲವೇ ಎಂದು ರೇಗಿದರು. ಬಿತ್ತನೆಗೆ ಮೊದಲು ಈ ಕಾಲು ಊರಿನಿಂದ ಹೋಗಬೇಕು, ಕೂಸು ಮನೆತನದ್ದು, ಅದು ಇಲ್ಲೇ ಇರಲಿ ಎಂದು ಚಾವಡಿಯಲ್ಲಿ ತೀರ್ಮಾನವಾಯಿತು. ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೂಸು ಆಗಷ್ಟೇ ಹೆಜ್ಜೆ ಇಡಲು ಕಲಿತಿತ್ತು. ನಿಂಬೆವ್ವ ಅದನ್ನು ಕಂಕುಳಲ್ಲಿ ಹೊತ್ತು, ಊರಿನವರೊಂದಿಗೆ ಸೀಮೆಯವರೆಗೂ ಬಂದಳು. ಅಲ್ಲಿ, ಇದೇ ದಿನ್ನೆಯ ಬಳಿ, ಬಂಗಾರೆವ್ವನ ಉಡಿ ತುಂಬಿರುವುದು ಊರಗೌಡ ರಾಚನಗೌಡನ ಕಣ್ಣಿಗೆ ಬಿತ್ತು.

“ನಮ್ಮ ಮಣ್ಣಿನ ಕಾಳು ಯಾಕ ಕಟ್ಕೊಂಡೀ? ಉಡಿ ಬಿಚ್ಚು,” ಎಂದ ಗೌಡ.

“ಬಿಚ್ಚತೀನ್ರಿ ಗೌಡ್ರ. ನೀವು ಹೇಳದಿದ್ರೂ ಬಿಚ್ಚಾಕಂತನ ಕಟ್ಕೊಂಡು ಬಂದೀನಿ.”

ಹೀಗೆಂದು ಅವಳು ಉಡಿಯಲ್ಲಿದ್ದ ದಿನ್ನೆಯ ಜೋಳವನ್ನು ಕಲ್ಲುದೋಣಿಯ ನೀರಿಗೆ ಸುರಿದಳು. ಬಗ್ಗಿ, ಅವಸರವಿಲ್ಲದೆ ತೊಳೆದಳು, ಮನೆಯಲ್ಲಿ ದಿನವೂ ಬೇಳೆ ತೊಳೆಯುವವಳಂತೆ. ಆಮೇಲೆ ಬೊಗಸೆ ಬೊಗಸೆಯಾಗಿ ಎತ್ತಿ ಅತ್ತೆಯ ಸೆರಗಿಗೆ ಹಾಕಿದಳು.

“ಅತ್ತಿ, ನನ್ನ ಕಾಲು ಕೆಟ್ಟದ್ದಂತಾದ್ರ ಹೋಗತೀನಿ. ಇದನ್ನಷ್ಟ ಬಿತ್ರಿ. ಕೂಸು ಉಪಾಸ ಬೀಳಬಾರ್ದು.”

ಕೂಸು ಕೈ ಚಾಚಿತು. ಅವಳು ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡಿದ್ದರೆ ಬಿಡಲಾಗುತ್ತಿರಲಿಲ್ಲ ಎಂದು ನಮ್ಮ ಮನೆಯ ಹೆಂಗಸರು ಇಂದಿಗೂ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ.

ಆ ಹಿಂಗಾರಿಗೆ ಊರವರು ತೊಳೆಯದ ಬೀಜವನ್ನೇ ಬಿತ್ತಿದರು. ಕೆಟ್ಟ ಕಾಲು ಹೋಯಿತಲ್ಲ, ಇನ್ನೇನು ಭಯ? ತೆನೆ ಬಂದಾಗ ಹೋದ ವರ್ಷಕ್ಕಿಂತ ಹೆಚ್ಚು ಕಪ್ಪಾಗಿತ್ತು. ನಿಂಬೆವ್ವ ಯಾರಿಗೂ ಹೇಳದೆ ಸೊಸೆ ಕೊಟ್ಟದ್ದನ್ನು ದಿನ್ನೆಯ ಮೇಲೆ ಬಿತ್ತಿದ್ದಳು. ಅಲ್ಲಿ ಮಾತ್ರ ಬೆಳ್ಳಗೆ, ತುಂಬುಗಾಳಿನ ತೆನೆ ನಿಂತಿತ್ತು. ಅವಳು ಅದರ ಮುಂದೆ ಕುಳಿತು ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡಳಂತೆ. ಮರುದಿನವೇ ಮೊಮ್ಮಗನನ್ನು ಹೊತ್ತು ಸೊಸೆಯನ್ನು ಕರೆತರಲು ಬೀಗರ ಊರಿಗೆ ನಡೆದಳು. ಅಲ್ಲಿ ಬಂಗಾರೆವ್ವ ಇರಲಿಲ್ಲ. ತವರಿನ ಬೀಜಕ್ಕೆ ರೋಗವೆಂದು ಪರರ ಊರಲ್ಲಿ ಸಾರಿದ ಮಗಳನ್ನು ಅಪ್ಪ ಒಳಗೆ ಕರೆದಿರಲಿಲ್ಲ. ಒಂದು ಹಗಲು ಕಟ್ಟೆಯ ಮೇಲೆ ಕುಳಿತಿದ್ದು ಎದ್ದುಹೋದಳು, ಎತ್ತ ಹೋದಳೋ ತಿಳಿಯದು ಎಂದರು. ಕಂಡದ್ದನ್ನು ಕಂಡಂತೆ ಹೇಳಿದ್ದಕ್ಕೆ ಅವಳಿಗೆ ಎರಡೂ ಊರಿಲ್ಲದಂತಾಯಿತು.

ಊರು ಬದುಕಿತು. ದಿನ್ನೆಯ ಕಾಳು ವರ್ಷದಿಂದ ವರ್ಷಕ್ಕೆ ಹೆಚ್ಚಿ ಮನೆಮನೆಗೆ ಬೀಜವಾಯಿತು. ಅದನ್ನು ಉಂಡು ಬೆಳೆದ ಆ ಕೂಸಿನ ಕುಡಿಯೇ ನಾನು. ನಿಂಬೆವ್ವ ಬದುಕಿರುವವರೆಗೂ ಪ್ರತಿ ಬಿತ್ತನೆಗೆ ದೋಣಿಯಲ್ಲಿ ಐದು ಹಿಡಿ ಜೋಳ ತೊಳೆದು, ಹೊಸ ಕುಬಸದ ಖಣದಲ್ಲಿ ಕಟ್ಟಿ, ಕಲ್ಲಿನ ಬಳಿ ಇಟ್ಟು, ಸಂಜೆಯವರೆಗೆ ದಾರಿ ನೋಡುತ್ತಿದ್ದಳು. ಈಗ ಬೀಜ ಪ್ಯಾಕೆಟ್ಟಿನಲ್ಲಿ ಔಷಧಿ ಹಚ್ಚಿಸಿಕೊಂಡೇ ಬರುತ್ತದೆ. ಆದರೂ ಖಣದ ಗಂಟು ಇಡದೆ ನಮ್ಮೂರಲ್ಲಿ ಯಾರೂ ಕೂರಿಗೆ ಹೂಡುವುದಿಲ್ಲ. ಆ ಗಂಟನ್ನು ಬಿಚ್ಚುವ ಹಕ್ಕು ನಮಗಾರಿಗೂ ಇಲ್ಲ. ಮಳೆಗೆ ಖಣ ಕೊಳೆತು, ಕಾಳು ಮೊಳೆತು, ಬಟ್ಟೆ ಹರಿದುಕೊಂಡು ಮೇಲೇಳುತ್ತದೆ. ಚಳಿಗಾಲದಲ್ಲಿ ಬಂದವರಿಗೆ ಕಲ್ಲಿನ ಸುತ್ತ ಯಾರೂ ಬಿತ್ತದ, ಯಾರೂ ಕೊಯ್ಯದ ಜೋಳ ಕಾಣುತ್ತದೆ. ಯಾರ ಉಡಿ ಇದು ಎಂದು ಕೇಳಿದರೆ, ಮನೆಯ ಹೆಂಗಸರು ದಾರಿಯ ಕಡೆಗೊಮ್ಮೆ ನೋಡಿ, “ಸೊಸೀದ್ರಿ. ಇನ್ನೂ ಬಂದಿಲ್ಲ,” ಎನ್ನುತ್ತಾರೆ.