ಕೆಂಪು ಮೇಲ್ಗಲ್ಲು

"ಗುರುಗಳೇ, ಹಿರಿಯರಿಬ್ಬರಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರದು ಎದುರು. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಯಾರನ್ನು ನಂಬಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಬೆಟ್ಟವಿತ್ತು. ಮೂಡಣ ಮಗ್ಗುಲಲ್ಲಿ ಕಲ್ಲೆಲ್ಲ ಕಪ್ಪು. ಬೆಟ್ಟ ಬೆಂಕಿಯಲ್ಲಿ ಹುಟ್ಟಿತು ಎನ್ನುತ್ತಿದ್ದರು ಅಲ್ಲಿಯವರು. ಪಡುವಣ ಮಗ್ಗುಲಲ್ಲಿ ಕಲ್ಲು ಕೆಂಪು, ಮುಟ್ಟಿದರೆ ಮರಳು. ನೀರಿನ ತಳದಲ್ಲಿ ಹುಟ್ಟಿತು ಎನ್ನುತ್ತಿದ್ದರು ಅಲ್ಲಿಯವರು. ನೆತ್ತಿಗೆ ಯಾರೂ ಹತ್ತಿರಲಿಲ್ಲ. ಬೇಕಾದ ಕಲ್ಲು ಬುಡದಲ್ಲೇ ಸಿಗುತ್ತಿತ್ತು.

ಬೀಸುಕಲ್ಲಿನ ಕೆಳಗಲ್ಲು ಗಂಡಿನ ಮನೆಯದು, ಮೇಲ್ಗಲ್ಲು ಹೆಣ್ಣಿನ ತವರಿನದು. ಎರಡು ಕಡೆಯೂ ಇದೇ ಪದ್ಧತಿ. ಪಡುವಣದ ಹುಡುಗಿಯೊಬ್ಬಳು ಮೂಡಣದ ಕಲ್ಲುಕುಟಿಗನನ್ನು ಮದುವೆಯಾದಳು, ಕೆಂಪು ಮೇಲ್ಗಲ್ಲು ತಂದಳು. ಕಪ್ಪು ಕಲ್ಲಿನ ಮೇಲೆ ಅದು ಸವೆಯಿತು. ಹಿಟ್ಟಿನಲ್ಲಿ ಮರಳು ಬಂತು. ದೊಡ್ಡವರು ಉಗುಳಿ ಉಂಡರು. ಕೂಸಿನ ಮೊದಲ ಗಂಜಿಯಲ್ಲೂ ಮರಳು ಸಿಕ್ಕ ದಿನ ಅತ್ತೆ ಸುಮ್ಮನಿರಲಿಲ್ಲ.

"ನಿನ್ನ ತವರು ಬರೀ ಮಣ್ಣು ಕಣೇ. ಅಲ್ಲಿಗೇ ಹೋಗು."

"ಮಣ್ಣಲ್ಲಿ ಜೋಳವಾದರೂ ಬೆಳೆಯುತ್ತೆ ಅತ್ತೆ. ನಿಮ್ಮ ಕಲ್ಲಲ್ಲಿ ಮಾತು ಬಿಟ್ಟು ಏನು ಬೆಳೆದಿದೆ?" ಎಂದು ಸೊಸೆ ಕೂಸನ್ನು ಎತ್ತಿಕೊಂಡು ಹೊರಟಳು.

ಬಳಸುದಾರಿಯಲ್ಲಿ ಹೋದರೆ ಊರವರ ಕಣ್ಣು. ಅವಳು ಬೆಟ್ಟವನ್ನೇ ಹತ್ತಿದಳು. ನೆತ್ತಿಯಲ್ಲಿ ಮಂಜು. ಬಂಡೆಗೆ ಒರಗಿ ಹಾಲೂಡಿಸುತ್ತ ನಿದ್ದೆಹೋದಳು. ಕನಸಿನಲ್ಲಿ ಆಕಾಶದಷ್ಟು ಅಗಲದ ಕೆರೆ. ದೂರದಲ್ಲಿ ಬೆಂಕಿಯ ಬೆಟ್ಟ. ಅದರ ಬೂದಿ ಹಿಟ್ಟಿನಂತೆ ನೀರಿಗೆ ಉದುರಿ, ಸದ್ದಿಲ್ಲದೆ ತಳ ಸೇರಿತು. ಮೇಲೆ ಮರಳು ಕೂತಿತು. ಮತ್ತೆ ಬೂದಿ ಬಂತು. ಕಾಣದ ಯಾರೋ ಬೀಸುತ್ತಲೇ ಇದ್ದರು.

ಎಚ್ಚರವಾದಾಗ ಗಂಡ ಏದುಸಿರು ಬಿಡುತ್ತ ನಿಂತಿದ್ದ. ಅವಳನ್ನಲ್ಲ, ಅವಳು ಒರಗಿದ್ದ ಬಂಡೆಯನ್ನು ನೋಡುತ್ತಿದ್ದ. ಕಪ್ಪು ಪದರ, ಕೆಂಪು ಪದರ, ಮತ್ತೆ ಕಪ್ಪು. ಬಂಡೆ ಮಂಜಿನಲ್ಲಿ ಮರೆಯಾಗುವವರೆಗೂ ಹಾಗೆಯೇ.

"ಉಳಿ ಸೊಂಟದಲ್ಲೇ ಇದೆಯಲ್ಲ," ಎಂದಳು ಅವಳು. "ನಿಮ್ಮ ಬೆಟ್ಟ ನೀವು ಬಿಡಿಸಿಕೊಳ್ಳಿ. ನನ್ನದನ್ನು ನಾನು ಒಯ್ಯುತ್ತೇನೆ."

ಕಪ್ಪನ್ನು ಕೆಂಪಿನಿಂದ ಬಿಡಿಸಲು ಉಳಿ ಎಲ್ಲಿಡಬೇಕೆಂದು ಅವನು ಬಹಳ ಹೊತ್ತು ಹುಡುಕಿದ. ಆಮೇಲೆ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಕೂಸಿಗೆ ಕೈ ಚಾಚಿದ. ಅವಳು ಕೊಟ್ಟಳು. ಇಬ್ಬರೂ ಮೂಡಣಕ್ಕೇ ಇಳಿದರು.

ಅವರು ಕಂಡದ್ದನ್ನು ಅತ್ತೆ ನಂಬಲಿಲ್ಲ. ಆದರೂ ಪದ್ಧತಿ ಮುರಿದು ಕಪ್ಪು ಮೇಲ್ಗಲ್ಲು ಕೂರಿಸಿದಳು. ಕೆಂಪು ಕಲ್ಲನ್ನು ಎಸೆಯಲಿಲ್ಲ, ಅದರ ಮೇಲೆ ಕುಡುಗೋಲು ಮಸೆದಳು.

ಗುರುಗಳು ನಿಲ್ಲಿಸಿದರು.

"ಹಾಗಾದರೆ ಬೆಟ್ಟ ಬೆಂಕಿಯದೋ, ನೀರಿನದೋ?" ಎಂದ ಶಿಷ್ಯ.

"ನೀನಿನ್ನೂ ಬುಡದಲ್ಲೇ ನಿಂತು ಕೇಳುತ್ತಿದ್ದೀಯ" ಎಂದರು ಗುರುಗಳು.